ಮಲಗುವ ಗಾಡಿಗಳಿಗೆ ಒಂದು ಜಾಗ ಕೊಡಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಡಿಕೇರಿಯವಳು. ಹುಟ್ಟಿ ಬೆಳೆದದ್ದು, ಈಗ ಅಮ್ಮನನ್ನು ನೋಡಿಕೊಂಡು ಇರುವುದು ಎಲ್ಲ ಒಂದೇ ಬೀದಿಯಲ್ಲಿ. ಆ ಬೀದಿಗೆ ರಾತ್ರಿ ಬಂದು ನಿಲ್ಲುವ ಕ್ಯಾಂಪರ್ ವ್ಯಾನುಗಳ, ಅಂದರೆ ಒಳಗೇ ಮಲಗುವಂತೆ ಮಾಡಿಸಿದ ಪ್ರವಾಸಿ ಗಾಡಿಗಳ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಡಿಸೆಂಬರ್ ಕೊನೆಯ ವಾರ. ರಾತ್ರಿ ಎರಡೂವರೆ ಹೊತ್ತಿಗೆ ಅಮ್ಮನಿಗೆ ಏದುಸಿರು ಶುರುವಾಯಿತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ಬೇಗನೇ ಬಂತು, ಆದರೆ ಬೀದಿಯ ಕೆಳಗಿನ ತಿರುವಿನಲ್ಲೇ ನಿಂತುಬಿಟ್ಟಿತು. ಅಲ್ಲೊಂದು ದೊಡ್ಡ ವ್ಯಾನು. ಟಿಟಿಯನ್ನೇ, ಅಂದರೆ ಟೆಂಪೊ ಟ್ರಾವೆಲರನ್ನೇ, ಮನೆ ಥರ ಮಾಡಿಸಿದ್ದು. ಕಿಟಕಿಗೆಲ್ಲ ಪರದೆ, ಪಕ್ಕಕ್ಕೆ ಚಾಚಿದ ಬಟ್ಟೆಯ ಮಾಡು, ಹಿಂದಿನ ಚಕ್ರಗಳಿಗೆ ಕೊಟ್ಟ ಎರಡು ಕಲ್ಲು. ಬಾಗಿಲು ತಟ್ಟಿದೆವು. ನಿದ್ದೆಗಣ್ಣಲ್ಲಿ ಒಬ್ಬರು ಎದ್ದು ಬಂದರು. ಒಳಗೆ ಅವರ ಹೆಂಡತಿ, ಚಿಕ್ಕ ಮಗು. ವಿಷಯ ತಿಳಿದ ಕೂಡಲೇ ಗಾಡಿ ಸ್ಟಾರ್ಟ್ ಮಾಡಿದರು. ಆದರೆ ಮೇಲೆ ಹೋಗಲು ಅಲ್ಲಿ ನಿಲ್ಲಿಸಿದ್ದ ಒಂದು ಜೀಪು ಅಡ್ಡ, ಕೆಳಗೆ ಬರಲು ಆಂಬ್ಯುಲೆನ್ಸೇ ಅಡ್ಡ. ಕೊನೆಗೆ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಇಳಿದೆವು. ಕುರ್ಚಿಯ ಒಂದು ಕಾಲು ಹಿಡಿದವರು ಆ ವ್ಯಾನಿನವರೇ. ಬರಿಗಾಲಲ್ಲಿ, ಆ ಚಳಿಯಲ್ಲಿ.

ಅಮ್ಮ ಹುಷಾರಾದರು. ಆ ವ್ಯಾನಿನವರ ಮೇಲೆ ನನಗೆ ಕೋಪ ಇಲ್ಲ. ಮರುದಿನ ಆಸ್ಪತ್ರೆಗೇ ಬಂದು ವಿಚಾರಿಸಿದರು. ರಜೆಯಲ್ಲಿ ಊರೆಲ್ಲ ತುಂಬಿ ಎಲ್ಲೂ ಜಾಗ ಸಿಗಲಿಲ್ಲ, ಫೋನಿನ ಮ್ಯಾಪ್ ತೋರಿಸಿದ ರಸ್ತೆಗೆ ಬಂದೆವು, ಇಲ್ಲಿ ನಿಲ್ಲಿಸಬಾರದು ಎಂಬ ಬೋರ್ಡೂ ಕಾಣಲಿಲ್ಲ ಎಂದರು. ಅವರು ಹೇಳಿದ್ದು ನಿಜ. ಬೋರ್ಡ್ ಇಲ್ಲ. ಇಂಥ ಗಾಡಿಗಳು ರಾತ್ರಿ ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ ತೋರಿಸಲು ನಮ್ಮ ಹತ್ತಿರ ಒಂದು ಜಾಗವೂ ಇಲ್ಲ.

ಆಮೇಲೆ ಒಂದು ದಿನ ಟೇಪು ಹಿಡಿದು ಬೀದಿ ಅಳೆದೆ. ಅಗಲ ಇರುವ ಕಡೆ 14 ಅಡಿ. ಆ ತಿರುವಿನಲ್ಲಿ 11 ಅಡಿ. ಎರಡೂ ಬದಿ ತೆರೆದ ಚರಂಡಿ. ಅಂಥ ವ್ಯಾನು ಏಳಡಿಯಷ್ಟು ಅಗಲ ಇರುತ್ತದೆ. ಉಳಿಯುವುದು ನಾಲ್ಕು ಅಡಿ. ಅದರಲ್ಲಿ ಆಂಬ್ಯುಲೆನ್ಸ್ ಇರಲಿ, ಗ್ಯಾಸ್ ಸಿಲಿಂಡರ್ ತರುವ ಗಾಡಿಯೂ ಬರುವುದಿಲ್ಲ. ನಮ್ಮ ಊರಿನ ಒಳಬೀದಿಗಳು ಹೆಚ್ಚುಕಡಿಮೆ ಹೀಗೇ ಅಲ್ವಾ? ಗುಡ್ಡ ಕಡಿದು ಮಾಡಿದ ರಸ್ತೆಗಳು. ಒಂದು ಕಡೆ ಬರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಇನ್ನೊಂದು ಕಡೆ ಇಳಿಜಾರು.

ಬರೆ ಎಂದಾಗ ಇನ್ನೊಂದು ಭಯ ನೆನಪಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬರೆ ಕುಸಿಯುವುದು ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಏನಾಯಿತು ಎಂದು ಇಲ್ಲಿಯ ಯಾರಿಗೂ ಹೇಳಿಕೊಡಬೇಕಿಲ್ಲ. ಜೋರು ಮಳೆ ಬಂದ ರಾತ್ರಿ ನಾವು ಬರೆ ಪಕ್ಕದ ಕೋಣೆಯಲ್ಲಿ ಮಲಗುವುದಿಲ್ಲ. ಹೊರಗಿನಿಂದ ಬಂದವರಿಗೆ ಅದು ಹೇಗೆ ಗೊತ್ತಾಗಬೇಕು? ಗಾಳಿ ಬೀಸುವುದಿಲ್ಲ, ಮರೆಯಾಗಿದೆ ಎಂದು ಬರೆಯ ಬುಡಕ್ಕೇ ವ್ಯಾನು ಒತ್ತಿ ನಿಲ್ಲಿಸುತ್ತಾರೆ. ಒಳಗೆ ಮಕ್ಕಳು ಮಲಗಿರುತ್ತವೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಕೊಡೆ ಹಿಡಿದು ಹೋಗಿ ಎಬ್ಬಿಸಿ ಮುಂದೆ ಕಳಿಸಿದ್ದೇನೆ. ಯಾರೂ ಎಬ್ಬಿಸದ ರಾತ್ರಿ ಏನಾದೀತು?

ನೀರಿನ ವಿಷಯವೂ ಇದೆ. ಬೆಳಿಗ್ಗೆ ವ್ಯಾನು ಹೋದ ಮೇಲೆ ಚರಂಡಿಯಲ್ಲಿ ಸೋಪಿನ ನೊರೆ, ಅನ್ನದ ಅಗುಳು, ಚಹಾ ಸೊಪ್ಪು. ಅಷ್ಟೇ ಆದರೆ ಸುಮ್ನೆ ಇರುತ್ತಿದ್ದೆ. ಈ ಗಾಡಿಗಳಲ್ಲಿ ಕಕ್ಕಸಿನ ಟ್ಯಾಂಕೂ ಇರುತ್ತದೆ. ಅದನ್ನು ಎಲ್ಲಿ ಖಾಲಿ ಮಾಡಬೇಕು? ವ್ಯವಸ್ಥೆ ಇಲ್ಲದಿದ್ದರೆ ಕತ್ತಲಲ್ಲಿ ಎಲ್ಲೋ ಒಂದು ಕಡೆ ಸುರಿದು ಹೋಗುತ್ತಾರೆ. ನಮ್ಮ ಚರಂಡಿ ತೋಡಿಗೆ, ತೋಡು ಹೊಳೆಗೆ. ಕಾವೇರಿ ಹುಟ್ಟುವ ಜಿಲ್ಲೆ ನಮ್ಮದು. ಇಲ್ಲಿ ಬಿಟ್ಟದ್ದು ಕೆಳಗಿನವರ ಬಿಂದಿಗೆಗೆ ಹೋಗುತ್ತದೆ.

ಕಾನೂನು ಇಲ್ಲ ಎಂದಲ್ಲ. ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಯಾರೂ ಇಲ್ಲದೆ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟ ವಾಹನವನ್ನು ಪೊಲೀಸರು ಎತ್ತಿಸಬಹುದು. ಆದರೆ ಕ್ಯಾಂಪರ್ ವ್ಯಾನಿನಲ್ಲಿ ಜನ ಇರುತ್ತಾರೆ, ಅಲ್ಲೇ ಮಲಗಿರುತ್ತಾರೆ. ರಾತ್ರಿ ಬಂದು ಬೆಳಿಗ್ಗೆ ಹೋಗುತ್ತಾರೆ. ಈ ಮಾತು ಅವರಿಗೆ ತಾಗುವುದೇ ಇಲ್ಲ. ಅದೇ ಕಲಂನಲ್ಲಿ ಇನ್ನೊಂದು ಮಾತಿದೆ: ನಿಲುಗಡೆ ನಿಷೇಧ ಇರುವ ಕಡೆ ನಿಲ್ಲಿಸಿದ ವಾಹನವನ್ನೂ ಎತ್ತಿಸಬಹುದು. ಅಂದರೆ ಮೊದಲು ನಿಷೇಧ ಆಗಬೇಕು. ವಾಹನ ನಿಲ್ಲಿಸುವ ಜಾಗವನ್ನು ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗೊತ್ತುಮಾಡಲು 117ನೇ ಕಲಂ ಇದೆ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ತಡೆ ಹಾಕುವ ಆದೇಶ ಹೊರಡುವುದು ನಿಮ್ಮ ಕಚೇರಿಯಿಂದಲೇ. ಅದಕ್ಕೇ ಈ ಪತ್ರ ನಿಮಗೆ ಬರೆದೆ.

ನಾನು ಕೇಳುವುದು ಇಷ್ಟು. ಮನೆಗಳಿರುವ ಒಳಬೀದಿಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕ್ಯಾಂಪರ್ ವ್ಯಾನು, ಟಿಟಿ, ಮಿನಿ ಬಸ್ಸು ನಿಲ್ಲಿಸಬಾರದು ಎಂದು ಆದೇಶ ಮಾಡಿ. ಬೀದಿಯ ಬಾಯಲ್ಲಿ ಬೋರ್ಡ್ ಹಾಕಿಸಿ. ಕನ್ನಡದ ಜೊತೆ ಮಲಯಾಳ, ತಮಿಳು, ಇಂಗ್ಲಿಷಿನಲ್ಲೂ ಇರಲಿ, ಬರುವವರು ಎಲ್ಲ ಕಡೆಯವರು. ಆದೇಶ ಪ್ರವಾಸಿಗರಿಗೆ ಮಾತ್ರ ಅಲ್ಲ, ಊರಿನವರಿಗೂ ಒಂದೇ ಇರಲಿ. ನಮ್ಮ ಭಾವನ ಟಿಟಿಯೂ ವರ್ಷಗಳಿಂದ ಬೀದಿಯಲ್ಲೇ ನಿಲ್ಲುತ್ತದೆ. ಅವರಿಗೂ ಹೇಳಿದ್ದೇನೆ, ಬೇಜಾರಾದರು, ಆದರೆ ಜಾಗ ಕೊಟ್ಟರೆ ಬಾಡಿಗೆ ಕೊಟ್ಟು ನಿಲ್ಲಿಸುತ್ತೇನೆ ಎಂದರು.

ಜಾಗ ಕೊಡದೆ ಬರೀ ನಿಷೇಧ ಹಾಕಿದರೆ ಏನೂ ಪ್ರಯೋಜನವಿಲ್ಲ. ಇವತ್ತು ನಮ್ಮ ಬೀದಿಯಿಂದ ಓಡಿಸಿದ ಗಾಡಿ ನಾಳೆ ಪಕ್ಕದ ಬೀದಿಗೆ ಹೋಗುತ್ತದೆ, ಇಲ್ಲವೇ ಯಾರದೋ ಕಾಫಿ ತೋಟದ ಗೇಟಿಗೆ. ಪಕ್ಕದ ಕೇರಳ 2021ರಲ್ಲೇ ಕಾರವಾನ್ ಪ್ರವಾಸಕ್ಕೆ, ಅಂದರೆ ಇಂಥ ಮಲಗುವ ಗಾಡಿಗಳ ಪ್ರವಾಸಕ್ಕೆ ಅಂತ ಒಂದು ನೀತಿ ತಂದಿತು. ಅದರಲ್ಲಿ ಗಾಡಿಗಳಷ್ಟೇ ಅಲ್ಲ, ಅವು ರಾತ್ರಿ ನಿಲ್ಲುವ ಪಾರ್ಕುಗಳೂ ಸೇರಿವೆ. ಕುಟ್ಟ, ಮಾಕುಟ್ಟದ ಕಡೆಯಿಂದ ಬರುವ ಗಾಡಿಗಳು ಗಡಿ ದಾಟಿದ ಮೇಲೆ ಬೀದಿಯಲ್ಲಿ ನಿಲ್ಲಬೇಕಾಗಿರುವುದು ನಮಗೆ ಶೋಭೆಯಲ್ಲ. ಮೈಸೂರು ಕಡೆಯಿಂದ ಬರುವವರಿಗೆ ಕುಶಾಲನಗರದ ಸುತ್ತ ಸಮತಟ್ಟು ಜಾಗ ಹುಡುಕಬಹುದು. ಮಂಗಳೂರು ಕಡೆಯವರಿಗೆ ಸಂಪಾಜೆ ಇದೆ. ಮಡಿಕೇರಿ ಹತ್ತಿರವೂ ಒಂದು ಬೇಕು. ದೀಪ, ಕುಡಿಯುವ ನೀರು, ನಾಲ್ಕು ಕಕ್ಕಸು, ಟ್ಯಾಂಕ್ ಖಾಲಿ ಮಾಡಲು ಮುಚ್ಚಿದ ಗುಂಡಿ, ವಾರಕ್ಕೊಮ್ಮೆ ಬರುವ ಸಕ್ಕಿಂಗ್ ಗಾಡಿ, ಒಬ್ಬ ಕಾವಲುಗಾರ. ಶುಲ್ಕ ತೆಗೆದುಕೊಳ್ಳಲಿ, ರಸೀದಿ ಕೊಡಲಿ. ಅಲ್ಲಿ ಒಂದು ಪಾಪುಟ್ಟು, ಕಡುಬು ಮಾರುವ ಅಂಗಡಿಗೆ ಮಹಿಳಾ ಸಂಘದವರಿಗೆ ಅವಕಾಶ ಕೊಟ್ಟರೆ ಊರಿಗೂ ನಾಲ್ಕು ಕಾಸು.

ಹೋಂಸ್ಟೇಗಳ ವಿಷಯದಲ್ಲಿ ಒಂದೇ ಮಾತು. ನೋಂದಣಿ ಕೊಡುವಾಗ ಅಂಗಳದಲ್ಲಿ ಎಷ್ಟು ಗಾಡಿ ಹಿಡಿಯುತ್ತದೆ ಎಂದು ನೋಡಿ, ಅಷ್ಟೇ ಕೋಣೆಗೆ ಕೊಡಿ.

ಇದೆಲ್ಲ ಆಗದ ಕೆಲಸ ಎಂದು ಯಾರಾದರೂ ನಿಮಗೆ ಹೇಳಬಹುದು. ನಮ್ಮೂರ ದಸರಾದಲ್ಲಿ ದಶಮಂಟಪಗಳು, ಅಂದರೆ ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು, ಹೊರಡುವ ರಾತ್ರಿ ನೋಡಿ. ಜನ ಸಾಗರದಂತೆ ಬರುತ್ತಾರೆ. ಗಾಡಿಗಳನ್ನೆಲ್ಲ ಗೊತ್ತುಮಾಡಿದ ಜಾಗದಲ್ಲಿ ಬಿಟ್ಟು ನಡೆದುಕೊಂಡೇ ಒಳಗೆ ಬರುತ್ತಾರೆ. ಯಾರೂ ಜಗಳ ಮಾಡುವುದಿಲ್ಲ, ಏಕೆಂದರೆ ಎಲ್ಲಿ ಬಿಡಬೇಕು ಎಂದು ಮೊದಲೇ ಗೊತ್ತಿರುತ್ತದೆ.

ಮಳೆ ಹಿಡಿಯುವ ಮುಂಚೆ, ಕೊನೇ ಪಕ್ಷ ಬರೆ ಇರುವ ಬೀದಿಗಳಿಗಾದರೂ ಆದೇಶ ಬರಲಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಬೀದಿಯ ಅಳತೆ, ತಿರುವಿನ ಫೋಟೊ, ಅಕ್ಕಪಕ್ಕದ ಮನೆಯವರ ಸಹಿ ನನ್ನ ಹತ್ತಿರ ಇವೆ. ನೀವು ಹೇಳಿದ ದಿನ ಕಚೇರಿಗೆ ತಂದು ಕೊಡುತ್ತೇನೆ. ಒಂದು ರಾತ್ರಿ ನೀವೇ ಬಂದರೆ ಇನ್ನೂ ಒಳ್ಳೆಯದು. ಕೆಳಗಿನ ತಿರುವಿನಿಂದ ನಮ್ಮ ಮನೆಗೆ ನಡೆದೇ ಬನ್ನಿ, ಅಮ್ಮನೂ ನಿಮ್ಮ ಹತ್ತಿರ ಮಾತಾಡಬೇಕು ಎಂದಿದ್ದಾರೆ.

ಇಂತಿ,
ಮಡಿಕೇರಿಯ ಒಬ್ಬ ನಿವಾಸಿ