ಜೊಲ್ಲಿಗೂ ಒಂದು ಕಾರಣ ಇರುತ್ತೆ, ಅದನ್ನ ಹುಡುಕಿ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ ಆಟಿಸಂ ಇದೆ ಅಂತ ಗೊತ್ತಿರೋರು ಆಗಾಗ ಫೋನ್ ಮಾಡಿ ಕೇಳೋದು ಒಂದೇ, ನಮ್ ಮಗು ತುಂಬಾ ಜೊಲ್ಲು ಸುರಿಸುತ್ತೆ, ಇದು ಆಟಿಸಂ ಇರ್ಬಹುದಾ ಅಂತ. ಇನ್ನೂ ವರ್ಷ ತುಂಬದ ಕೂಸಿನ ತಾಯಂದಿರೂ ಕೇಳ್ತಾರೆ, ಅವ್ರ ದನಿಯಲ್ಲಿರೋ ಭಯ ಕೇಳಿದ್ರೆ ಸಂಕಟ ಆಗುತ್ತೆ, ಅದಕ್ಕೇ ಈ ಪತ್ರ.

ಆಟಿಸಂ ಗುರುತಿಸೋಕೆ ಡಾಕ್ಟರುಗಳು ನೋಡೋ ಲಕ್ಷಣಗಳಲ್ಲಿ ಜೊಲ್ಲು ಇಲ್ವೇ ಇಲ್ಲ. ಅವ್ರು ನೋಡೋದು ಹೆಸ್ರು ಹಿಡಿದು ಕರೆದ್ರೆ ಮಗು ತಿರುಗುತ್ತಾ, ಕಂಡದ್ದನ್ನ ಬೆರಳು ಮಾಡಿ ನಮಗೂ ತೋರಿಸುತ್ತಾ, ಮುಖ ನೋಡಿ ನಗುತ್ತಾ, ಬರ್ತಿದ್ದ ಮಾತು ನಿಂತೋಯ್ತಾ, ಒಂದೇ ಕೆಲಸನ ಒಂದೇ ಥರ ಮತ್ತೆ ಮತ್ತೆ ಮಾಡುತ್ತಾ, ಇಂಥವು. ಒಂದೂವರೆ ಎರಡು ವರ್ಷದವರೆಗೆ ಜೊಲ್ಲು ಸಹಜ, ಹಲ್ಲು ಬರೋವಾಗಂತೂ ಇನ್ನೂ ಜಾಸ್ತಿ. 4 ವರ್ಷ ದಾಟಿದ್ಮೇಲೂ ಎಚ್ಚರ ಇರೋವಾಗ್ಲೇ ಸುರೀತಾನೇ ಇದ್ರೆ ಮಾತ್ರ ಯಾಕೆ ಅಂತ ತೋರಿಸ್ಬೇಕು.

ಹಾಗಂತ ಎರಡಕ್ಕೂ ಸಂಬಂಧನೇ ಇಲ್ಲ ಅಂತಲ್ಲ, ಆಟಿಸಂ ಇರೋ ಕೆಲವು ಮಕ್ಕಳಿಗೆ ಜೊಲ್ಲಿನ ತೊಂದ್ರೆ ಇದೆ, ನನ್ನ ಮಗನಿಗೂ ಇದೆ. ಎಂಜಲು ಎಲ್ರ ಬಾಯಲ್ಲೂ ಊರುತ್ತೆ, ದೊಡ್ಡೋರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ತನಕ, ನಾವು ಗೊತ್ತಿಲ್ದಂಗೇ ನುಂಗ್ತಾ ಇರ್ತೀವಿ. ಜೊಲ್ಲು ಸುರಿಸೋ ಮಕ್ಕಳಲ್ಲಿ ಸಾಮಾನ್ಯವಾಗಿ ಊರೋದು ಜಾಸ್ತಿ ಅಲ್ಲ, ನುಂಗೋದು ಕಡಿಮೆ. ತುಟಿ ಕೆನ್ನೆಯ ಸ್ನಾಯುಗಳಲ್ಲಿ ಬಿಗಿ ಇರಲ್ಲ, ಇಲ್ಲಾ ಗಲ್ಲ ಒದ್ದೆ ಆಗಿದ್ದು ಗೊತ್ತೇ ಆಗಲ್ಲ. ನನ್ನ ಮಗ ಬ್ಲಾಕ್ಸ್ ಸಾಲಾಗಿ ಜೋಡಿಸ್ತಾ ತಲೆ ತಗ್ಗಿಸಿ ಕೂತ್ನೋ, ಕೆಳತುಟಿ ಜೋತು ಬಿದ್ದು ನೂಲಿನ ಎಳೆ ಥರ ಇಳೀತಿರುತ್ತೆ, ಶರ್ಟಿನ ಕಾಲರ್ ತೊಯ್ದು ಕುತ್ತಿಗೆ ಕೆಂಪಾಗಿದ್ರೂ ಅವ್ನಿಗೆ ಖಬರಿರಲ್ಲ.

ನನಗೆ ಸಿಟ್ಟು ಬರೋದು ಇಲ್ಲಿ. ನಾವು ಮೊದಲು ತೋರಿಸಿದ ಕಡೆ, ಆಟಿಸಂ ಅಲ್ವಾ, ಇದೆಲ್ಲಾ ಇದ್ದಿದ್ದೇ ಅಂದ್ಬಿಟ್ರು, ಬಾಯೊಳಗೆ ಟಾರ್ಚ್ ಕೂಡ ಹಾಕಿ ನೋಡ್ಲಿಲ್ಲ. ಆಮೇಲೆ ಸ್ಪೀಚ್ ಥೆರಪಿಸ್ಟ್ ಒಬ್ರು, ಇವ್ನು ಬಾಯಲ್ಲೇ ಉಸಿರಾಡ್ತಾನಲ್ಲಾ, ರಾತ್ರಿ ಗೊರಕೆ ಹೊಡೀತಾನಾ ಅಂತ ಕೇಳಿ ಇಎನ್‌ಟಿ ಡಾಕ್ಟರ ಹತ್ರ ಕಳಿಸಿದ್ರು, ನೋಡಿದ್ರೆ ಮೂಗಿನ ಹಿಂದೆ ಇರೋ ಅಡಿನಾಯ್ಡ್ ಅನ್ನೋ ಗಡ್ಡೆ ಊದ್ಕೊಂಡು ಮೂಗು ಕಟ್ಟಿತ್ತು. ಮೂಗಲ್ಲಿ ಉಸಿರಾಡೋಕೇ ಆಗದಿದ್ರೆ ಮಗು ಬಾಯಿ ಮುಚ್ಚೋದಾದ್ರೂ ಹೇಗೆ ಹೇಳಿ? ಅದಕ್ಕೆ ಚಿಕಿತ್ಸೆ ಆದ್ಮೇಲೆ ಜೊಲ್ಲು ಪೂರ್ತಿ ನಿಲ್ಲಲಿಲ್ಲ ಆದ್ರೆ ಎಷ್ಟೋ ಕಡಿಮೆ ಆಯ್ತು. ಎಲ್ಲಾನೂ ಆಟಿಸಂ ಲೆಕ್ಕಕ್ಕೆ ಬರೆದು ಕೈತೊಳ್ಕೊಂಡ್ರೆ ಮಾತಾಡಕ್ಕೆ ಬರದ ಮಗು ಯಾರಿಗೆ ಹೇಳ್ಬೇಕು?

ಹುಳುಕು ಹಲ್ಲು, ಟಾನ್ಸಿಲ್ ಕೂಡ ಕಾರಣ ಇರ್ಬಹುದು. ತೀರಾ ಸಿಟ್ಟು, ರಂಪಕ್ಕೆ ಕೊಡೋ ರಿಸ್ಪೆರಿಡೋನ್, ಫಿಟ್ಸ್‌ಗೆ ಕೊಡೋ ಕ್ಲೋನಾಜೆಪಾಮ್ ಥರದ ಮಾತ್ರೆಗಳಿಂದಲೂ ಜೊಲ್ಲು ಬರುತ್ತೆ, ಹಾಗಂತ ಮಾತ್ರೆನ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟರನ್ನ ಕೇಳಿ. ಜ್ವರದ ಜೊತೆ ಇದ್ದಕ್ಕಿದ್ದಂಗೆ ಜೊಲ್ಲು ಸುರಿದು ನುಂಗಕ್ಕಾಗ್ದೆ ಉಸಿರಿಗೆ ಒದ್ದಾಡ್ತಿದ್ರೆ ಒಂದು ನಿಮಿಷ ಕಾಯದೆ ಎಮರ್ಜೆನ್ಸಿಗೆ ಓಡಿ.

ನಮಗೆ ಸ್ಟ್ರಾದಲ್ಲಿ ಕುಡಿಸೋದು, ಟೇಬಲ್ ಎತ್ತರ ಮಾಡಿ ಬೆನ್ನು ನೆಟ್ಟಗಿರೋ ಹಾಗೆ ಕೂರಿಸೋದು, ಥೆರಪಿಸ್ಟ್ ಹೇಳಿಕೊಟ್ಟ ತುಟಿಯ ಆಟಗಳು ಉಪಯೋಗಕ್ಕೆ ಬಂದಿವೆ. ಒರೆಸೋವಾಗ ಗಲ್ಲ ಉಜ್ಬೇಡಿ, ಮೆತ್ತಗೆ ಒತ್ತಿ ತೆಗೀರಿ, ಇಲ್ದಿದ್ರೆ ಚರ್ಮ ಸುಲಿದು ಉರಿಯುತ್ತೆ. ತೀರಾ ಜಾಸ್ತಿ ಇದ್ರೆ ಗ್ಲೈಕೋಪೈರೊಲೇಟ್ ಅನ್ನೋ ಔಷಧಿ ಇದೆ, ಎಂಜಲು ಊರಿಸೋ ಲಾಲಾಗ್ರಂಥಿಗೆ ಬೊಟಾಕ್ಸ್ ಇಂಜೆಕ್ಷನ್ ಕೂಡ ಕೊಡ್ತಾರೆ, ಆದ್ರೆ ಬಾಯಿ ಒಣಗೋದು, ಮಲಬದ್ಧತೆ ಅಂತ ತೊಂದ್ರೆಗಳೂ ಇರೋದ್ರಿಂದ ಡಾಕ್ಟರ ಹತ್ರ ಕೂತು ಮಾತಾಡಿನೇ ನಿರ್ಧಾರ ಮಾಡ್ಬೇಕು.

ಜೊಲ್ಲು ಸುರಿಯೋ ಮಗುಗೆ ಬುದ್ಧಿ ಇಲ್ಲ ಅಂತ ಅಂದ್ಕೊಳ್ಳೋರು ಬೇಕಾದಷ್ಟು ಜನ ಇದಾರೆ, ಮಗುವಿನ ಎದುರಿಗೇ ಅಂತಾರೆ. ಅವ್ನಿಗೆ ಎಲ್ಲಾ ಕೇಳ್ಸುತ್ತೆ ಸ್ವಾಮಿ, ದಯವಿಟ್ಟು ಹಾಗನ್ಬೇಡಿ.

ಸಂಪಾದಕರಲ್ಲಿ ಒಂದು ಕೋರಿಕೆ, ನಿಮ್ಮ ಆರೋಗ್ಯ ಪುಟದಲ್ಲಿ ಸ್ಪೀಚ್ ಥೆರಪಿಸ್ಟ್ ಮತ್ತೆ ಇಎನ್‌ಟಿ ಡಾಕ್ಟರ್ ಇಬ್ರನ್ನೂ ಕೂರಿಸಿ ಈ ವಿಷಯದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸಿ. ಮೊದಲ ಪ್ರಶ್ನೆಗಳನ್ನ ನಾನೇ ಕಳಿಸ್ತೀನಿ.

ಇಂತಿ,
ಒಬ್ಬ ತಾಯಿ