ಗುಡ್ಡದ ಮಣ್ಣಿಗೆ ಲೆಕ್ಕವಿದೆ, ಗಣಿಯ ಮಕ್ಕಳಿಗೆ?

ಮಾನ್ಯರೇ,

ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶ) ಸೈನೈಡ್ ಗುಡ್ಡಗಳಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳಿಂದ, ಮತ್ತೆ ಚಿನ್ನ ತೆಗೆಯುವ ಸುದ್ದಿ ಬಂದಾಗಲೆಲ್ಲ ನಮ್ಮ ಬಂಗಾರಪೇಟೆ ಕಡೆಯ ಚಹಾದಂಗಡಿಗಳಲ್ಲಿ ಒಂದು ಮಾತು ಏಳುತ್ತದೆ: 'ನೆಲ ನಮ್ಮದು, ಚಿನ್ನ ತಿಂದವರು ಹೊರಗಿನವರು.' ಈಚೆಗೆ ಓದುಗರ ಪತ್ರವೊಂದರಲ್ಲೂ ಅದೇ ಧಾಟಿ ಕಂಡಿತು. ಹೊರಗಿನವರು ಅಂದರೆ ಯಾರು, ಅವರಲ್ಲಿ ಯಾರಿಗೆ ಎಷ್ಟು ದಕ್ಕಿತು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಬಂದವರೆಲ್ಲ ಒಂದೇ ಬಾಗಿಲಿನಿಂದ ಬರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಪಳಗಿದವರು ಮೇಲಧಿಕಾರಿಗಳಾಗಿ ಬಂದರು. ಅವರಿಗೆ ಬಂಗಲೆ, ಕ್ಲಬ್ಬು. ಇಟಲಿಯಿಂದಲೂ ಕೆಲವರು ಬಂದರು. ಆಂಗ್ಲೋ ಇಂಡಿಯನ್ನರಿಗೆ ಮೇಲ್ವಿಚಾರಣೆ, ಪಂಜಾಬಿನವರಿಗೆ ಕಾವಲು. ಒಳಗಿಳಿದು ಬಂಡೆ ಒಡೆಯಲು ಮಾತ್ರ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಜನ, ಅವರಲ್ಲಿ ಬಹುಪಾಲು ದಲಿತರು. ಕಾರ್ಮಿಕರ ಸಂಖ್ಯೆ ಒಂದು ಕಾಲಕ್ಕೆ 30,000 ದಾಟಿತ್ತು.

ನಮ್ಮವರು ಯಾಕೆ ಇಳಿಯಲಿಲ್ಲ? ನಮ್ಮ ತಾತನನ್ನು ನಾನು ಇದನ್ನೇ ಕೇಳಿದ್ದೆ. 'ನೆಲ ಇದ್ದವನು ನೆಲದೊಳಗೆ ಯಾಕಪ್ಪಾ ಹೋಗ್ತಾನೆ' ಅಂದಿದ್ದ. ಎರಡೆಕರೆ ರಾಗಿ ಹೊಲ, ಒಂದು ಜೋಡಿ ಎತ್ತು. ವಾರಕ್ಕೊಮ್ಮೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಗಾಡಿಯಲ್ಲಿ ಸೌದೆ, ತರಕಾರಿ ಸಾಗಿಸಿ ನಗದು ಎಣಿಸಿಕೊಂಡು ಬರುತ್ತಿದ್ದ. ಅಂದರೆ ಗಣಿಯ ಕಾಸು ನಮ್ಮ ಮನೆಗೂ ಬಂದಿದೆ, ಬೆವರು ಮಾತ್ರ ಬೇರೆಯವರದು. 1876–78ರ ಬರಗಾಲ ಕಂಡವರ ಮಕ್ಕಳಿಗೆ, ಊರ ಗೌಂಡರ ಹೊಲದಲ್ಲಿ ಜೀತಕ್ಕಿದ್ದವರಿಗೆ ಈ ಆಯ್ಕೆ ಇರಲಿಲ್ಲ. ಗಣಿಗೆ ಆಳು ಕೂಡಿಸುವ ಮೇಸ್ತ್ರಿ ಕೊಟ್ಟ ಮುಂಗಡ ಹಿಡಿದು ಹೊರಟರು. ಆದರೂ ಕೈಗೆ ಬರುವ ಕೂಲಿ, ಧಣಿಯಿಲ್ಲದ ಕೇರಿ ಎಂಬುದು ಅವರ ಪಾಲಿಗೆ ಸಣ್ಣ ವಿಷಯವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗಣಿ ಪ್ರದೇಶದ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳು ಹುಟ್ಟಿದ್ದು ಕಾರ್ಮಿಕರ ಸಾಲುಕೇರಿಯ ಈ ಲೈನು ಮನೆಗಳ ನಡುವೆಯೇ. ಬಿಟ್ಟುಬಂದ ಊರಿನಲ್ಲಿ ಅದು ಸಾಧ್ಯವಿತ್ತೇ?

ಅದಕ್ಕೆ ತೆತ್ತ ಬೆಲೆಯೂ ಗೊತ್ತಿರಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ಗಣಿಯ ಯಂತ್ರ ತಿರುಗಿಸಲು ಬಂತು. ಕೂಲಿಯವನು ತಟ್ಟಿ ಗುಡಿಸಲಲ್ಲೇ ಇದ್ದ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದಂತೆ ಬಂಡೆಯೇ 60 ಡಿಗ್ರಿ ದಾಟಿ ಕಾಯುತ್ತಿತ್ತು. 'ಏರ್ ಬ್ಲಾಸ್ಟ್' ಆದರೆ, ಅಂದರೆ ಒತ್ತಡಕ್ಕೆ ಒಳಗಿನ ಬಂಡೆ ಸಿಡಿದರೆ, ಮೇಲೆ ನಮ್ಮ ಹಳ್ಳಿಗಳ ಅಡುಗೆಮನೆಯಲ್ಲಿ ತಪ್ಪಲೆ ಅಲುಗುತ್ತಿತ್ತು. ಹೆಂಗಸರು ಒಂದು ಗಳಿಗೆ ಕೈ ನಿಲ್ಲಿಸಿ ಮತ್ತೆ ಮುದ್ದೆ ತೊಳಸುತ್ತಿದ್ದರು. ಕೆಳಗೆ ಯಾರ ಮನೆಯವರೋ! ಬದುಕಿ ಬಂದವರನ್ನು ಸಿಲಿಕೋಸಿಸ್, ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ, ಕಾಯುತ್ತಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆಯುವ ನಿಯಮದ ವಿರುದ್ಧ ಮುಷ್ಕರ ಹೂಡಿದವರು, 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಬಿದ್ದ ಆರು ಜನ, ಇವರೂ ಆ 'ಹೊರಗಿನವರೇ'.

ಬಂದ ಬಾಗಿಲು ಬೇರೆಯಾದಂತೆ ಹೋದ ದಾರಿಯೂ ಬೇರೆಯಾಯಿತು. ಬ್ರಿಟಿಷರು ಮನೆಗೆ ಹೋದರು. ಆಂಗ್ಲೋ ಇಂಡಿಯನ್ನರಲ್ಲಿ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಲೈನು ಮನೆಯವರಿಗೆ ಸಿಕ್ಕಿದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು. ಅಷ್ಟು ಹೊತ್ತಿಗೆ ಇವರು ಇಲ್ಲಿ ನಾಲ್ಕೈದು ತಲೆಮಾರು ಕಳೆದಿದ್ದರು. ನಾನು ಪಾಠ ಹೇಳಿದ ಹುಡುಗರೇ ಆ ರೈಲಿನಲ್ಲಿ ಕಾವಲಿನ ಕೆಲಸಕ್ಕೆ, ಕಾರ್ಖಾನೆಗೆ ಹೋಗಿ ರಾತ್ರಿ ಮರಳುತ್ತಾರೆ. ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಮನೆಯಲ್ಲಿ ತಮಿಳು. ಇವರನ್ನು ಇನ್ನೂ ವಲಸೆಗಾರರು ಅನ್ನುವುದಾದರೆ ಬೆಂಗಳೂರಿಗೆ ಹೋಗಿ ನೆಲೆಸಿದ ನನ್ನ ಮಗನನ್ನು ಏನೆಂದು ಕರೆಯಬೇಕು?

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳ ಮಣ್ಣನ್ನು ಮತ್ತೆ ಸಂಸ್ಕರಿಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಎಷ್ಟು ಗ್ರಾಂ ಸಿಗಬಹುದು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೆಲಸ ಯಾರಿಗೆ ಎಂಬ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಗುತ್ತಿಗೆದಾರ ಅಗ್ಗದ ಆಳುಗಳನ್ನು ಬೇರೆಲ್ಲಿಂದಲೋ ಕರೆತಂದು ಶೆಡ್ಡಿನಲ್ಲಿ ತುಂಬುವುದು ಇಂದಿನ ರೂಢಿ. ಹಾಗೆ ಬರುವ ಬಡವರ ಮೇಲೆ ನನಗೆ ಸಿಟ್ಟಿಲ್ಲ. ಅಂದು ಬಂದವರೂ ಹಾಗೆಯೇ ಬಂದವರು. ಆದರೆ ಟೆಂಡರ್ ಷರತ್ತಿನಲ್ಲೇ ಗಣಿ ಕಾರ್ಮಿಕರ ಕುಟುಂಬಗಳಿಗೂ ಗುಡ್ಡದ ಸುತ್ತಲಿನ ಹಳ್ಳಿಯವರಿಗೂ ಇಷ್ಟು ಕೆಲಸ ಎಂದು ಬರೆಯಬೇಕು. ಗಾಳಿ ಬೀಸಿದಾಗ ಆ ಗುಡ್ಡದ ಬಿಳಿ ದೂಳು ಇಷ್ಟು ವರ್ಷ ಅವರ ಅನ್ನದ ತಟ್ಟೆಗೂ ನಮ್ಮ ರಾಗಿ ಪೈರಿಗೂ ಒಂದೇ ಸಮ ಬಿದ್ದಿದೆ.

— ನಿವೃತ್ತ ಶಾಲಾ ಶಿಕ್ಷಕ, ಬಂಗಾರಪೇಟೆ ತಾಲ್ಲೂಕು