ಎನ್‌ಜಿಇಎಫ್: ಮೊದಲ ಕಂತು ನೆಲಕ್ಕೆ ಹೋಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ, ಮುಚ್ಚಿಹೋದ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆ ಎನ್‌ಜಿಇಎಫ್‌ನ ಜಾಗದಲ್ಲಿ ವೃಕ್ಷೋದ್ಯಾನದ ಜೊತೆಗೆ ಹಳೆಯ ಶೆಡ್‌ಗಳನ್ನು ನವೋದ್ಯಮಗಳಿಗೆ ಸಜ್ಜುಗೊಳಿಸುವ ಪ್ರಸ್ತಾವ ಸ್ವಾಗತಾರ್ಹ. ಮೆಟ್ರೊ ಪಕ್ಕದಲ್ಲೇ ಇದೆ. ಆದರೆ ಸರ್ಕಾರದ ಹಣದ ಮೊದಲ ಕಂತು ಗಾಜಿನ ಮುಂಭಾಗಕ್ಕಲ್ಲ, ನೆಲಕ್ಕೆ ಹೋಗಬೇಕು.

ದಶಕಗಳ ಕಾಲ ಟ್ರಾನ್ಸ್‌ಫಾರ್ಮರ್, ಮೋಟಾರು ತಯಾರಾದ ಜಾಗವಿದು. ಎಣ್ಣೆ ತುಂಬುತ್ತಿದ್ದ ಕಡೆ, ಬಣ್ಣದ ವಿಭಾಗ, ಚರಂಡಿಯ ಅಂಚುಗಳಲ್ಲಿ 3 ಮೀಟರ್ ಆಳದವರೆಗೆ ಮಣ್ಣು ತೆಗೆದು ತೈಲ, ಸೀಸ, ಕ್ರೋಮಿಯಂ ಮತ್ತು ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರಬಹುದಾದ ವಿಷಕಾರಿ ರಾಸಾಯನಿಕ) ಇವೆಯೇ ಎಂದು ಪರೀಕ್ಷಿಸಬೇಕು. ವರದಿ ಟೆಂಡರ್‌ಗೆ ಮೊದಲೇ ಬರಬೇಕು. ಇಲ್ಲದಿದ್ದರೆ ಪಾಯ ತೋಡುವಾಗ ಎಣ್ಣೆ ಮಣ್ಣು ಸಿಕ್ಕಿ ಕೆಲಸ ನಿಲ್ಲುತ್ತದೆ. ಗುತ್ತಿಗೆದಾರ ಕೇಳಿದ್ದೇ ದರವಾಗುತ್ತದೆ, ಏಕೆಂದರೆ ಆಗ ಸ್ಪರ್ಧಿಗಳೇ ಇರುವುದಿಲ್ಲ. ಕಲುಷಿತ ಮಣ್ಣಿನ ವಿಲೇವಾರಿಗೆ ಒಟ್ಟು ಮೊತ್ತ ನಿಗದಿ ಮಾಡದೆ ಟನ್‌ ಲೆಕ್ಕದಲ್ಲಿ ದರ ಕರೆದು, ತೂಕದ ಚೀಟಿ ನೋಡಿಯೇ ಬಿಲ್ ಪಾಸು ಮಾಡಬೇಕು.

ಶೆಡ್‌ಗಳ ಕಂಬಗಳು ಮೇಲಿಂದ ಗಟ್ಟಿಯಾಗಿ ಕಾಣುತ್ತವೆ. ನೀರು ನಿಂತು ತುಕ್ಕು ತಿನ್ನುವುದು ಬುಡವನ್ನು. ಪ್ರತಿ ಕಂಬದ ಸುತ್ತ ನೆಲ ಬಿಡಿಸಿ, ಬೇಸ್ ಪ್ಲೇಟ್ (ಕಂಬದ ಬುಡದ ಉಕ್ಕಿನ ತಟ್ಟೆ), ಬೋಲ್ಟ್ ನೋಡಿ, ಉಳಿದಿರುವ ಉಕ್ಕಿನ ದಪ್ಪವನ್ನು ಶಬ್ದತರಂಗದಿಂದ ಅಳೆಯುವ ಅಲ್ಟ್ರಾಸಾನಿಕ್ ಗೇಜ್‌ನಲ್ಲಿ ಅಳೆಯಬೇಕು. ಬರೀ ಚಾವಣಿ ಶೀಟಿನ ಭಾರಕ್ಕೆ ಮಾಡಿದ ಟ್ರಸ್‌ಗೆ (ಚಾವಣಿ ಹೊರುವ ಚೌಕಟ್ಟಿಗೆ) ಏಸಿಯ ಗಾಳಿ ಕೊಳವೆ ನೇತುಹಾಕುವುದು ಅಪಾಯ. ಒಳಗೆ ಪ್ರತ್ಯೇಕ ಉಕ್ಕಿನ ಚೌಕಟ್ಟು ನಿಲ್ಲಿಸುವುದೇ ಸರಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಹಾನಿಕಾರಕ ದೂಳು ಏಳದಂತೆ ನೀರು ಸಿಂಪಡಿಸಿ, ಒಡೆಯದೆ ಇಳಿಸಬೇಕು.

ಜಾಗವನ್ನು ಮಾರದೆ ಗುತ್ತಿಗೆಗೆ ಕೊಡಲಿ. ಅನುದಾನದ ಕೊನೆಯ ಕಂತು ಕಟ್ಟಡ ಮುಗಿದಾಗಲ್ಲ, ಸಣ್ಣ ಕಂಪನಿಗಳು ನಿಗದಿತ ಬಾಡಿಗೆಗೆ ಬಂದು ಕೂತ ಮೇಲೆ ಬಿಡುಗಡೆಯಾಗಲಿ.

— ಸ್ಟ್ರಕ್ಚರಲ್ ಎಂಜಿನಿಯರ್‌ಗಳು, ಬೆಂಗಳೂರು